ಬಲಮಗ್ಗುಲಿನ ವಾದ

ನಮ್ಮ ಮನೆಯಲ್ಲಿ ಬೆಳಗ್ಗೆ ಬಲಮಗ್ಗುಲಿಗೆ ಹೊರಳಿಯೇ ಏಳಬೇಕು. ಎಡಕ್ಕೆ ಎದ್ದರೆ ದಿನ ಕೆಡುತ್ತದೆಂದು ಅವ್ವನ ನಂಬಿಕೆ. ಕಾಲೇಜಿನ ಚರ್ಚಾಸ್ಪರ್ಧೆಗಳ ರುಚಿ ಹತ್ತಿದ ಮೇಲೆ ನಾನು ಇದಕ್ಕೆ ಪುರಾವೆ ಕೇಳುತ್ತಿದ್ದೆ. ಅವ್ವ ಪುರಾವೆ ಕೊಡುವ ಬದಲು ನನ್ನ ಚಾದರ ಎಳೆಯುತ್ತಿದ್ದಳು.

ಅವ್ವ ಬಸ್ ಕಂಡಕ್ಟರ್, ಕೊಟ್ಟೂರು–ಹರಪನಹಳ್ಳಿ ಮಾರ್ಗ. ಕಳೆದ ವರ್ಷ ಒಂದು ಬೆಳಗ್ಗೆ ಬಲಕ್ಕೆ ಹೊರಳಿದವಳೇ ಮಂಚ ಹಿಡಿದು ಕೂಗಿದಳು: "ಲೇ, ಮನಿ ತಿರುಗಾಕತ್ತೈತಿ!" ಅರ್ಧ ನಿಮಿಷದಲ್ಲಿ ಮನೆ ನಿಂತಿತು, ವಾಕರಿಕೆ ನಿಲ್ಲಲಿಲ್ಲ. ಮರುದಿನವೂ ಅದೇ. ಅತ್ತೆ ಪಿತ್ತವೆಂದಳು, ಪಕ್ಕದ ಮನೆಯವರು ದೃಷ್ಟಿಯೆಂದರು. ಇಬ್ಬರೂ ಒಮ್ಮತಕ್ಕೆ ಬಂದದ್ದು ಒಂದೇ ವಿಷಯದಲ್ಲಿ: "ಬಸ್ ಸಾಕು, ಡಿಪೋದಾಗ ಕುರ್ಚಿ ಕೇಳು." ಅವ್ವನಿಗೆ ತಲೆ ತಿರುಗುವುದಕ್ಕಿಂತ ಆ ಕುರ್ಚಿಯದೇ ಹೆದರಿಕೆ.

ಬಲಕ್ಕೆ ಹೊರಳಿದಾಗ ಮಾತ್ರ ಹೀಗಾಗುವುದನ್ನು ನಾನು ಗಮನಿಸಿದೆ. "ಎಡಕ್ಕ ಏಳು, ನೋಡೋಣು," ಎಂದೆ. ಎದ್ದಳು, ಏನೂ ಆಗಲಿಲ್ಲ. ಜೀವಮಾನದ ನಂಬಿಕೆಯೊಂದನ್ನು ಸೋಲಿಸಿದ ಖುಷಿಯಲ್ಲಿ ವಾರವಿಡೀ ಭಾಷಣ ಬಿಗಿದೆ.

ಆ ವಾರದ ಕೊನೆಗೆ ಡ್ಯೂಟಿಗೆ ಹೋದ ಅವ್ವ ಬಸ್ಸಿನಲ್ಲಿ ಯಾರದೋ ಚೀಲ ಇಳಿಸಲು ತಲೆ ಮೇಲೆತ್ತಿದಳು. ಮರುಕ್ಷಣ ಒಬ್ಬ ಅಜ್ಜನ ತೊಡೆಯ ಮೇಲಿದ್ದಳು. "ಸೀಟ್ ಬೇಕಿದ್ರ ಕೇಳಬೇಕವ್ವಾ, ನಾನs ಏಳ್ತಿದ್ದೆ," ಎಂದನಂತೆ ಅಜ್ಜ.

ಹಗರಿಬೊಮ್ಮನಹಳ್ಳಿಯ ಕಿವಿ ವೈದ್ಯರು ಅವ್ವನ ತಲೆಯನ್ನು ಬಲಕ್ಕೆ ತಿರುಗಿಸಿ ತಟ್ಟನೆ ಮಲಗಿಸಿದರು. ಕಣ್ಣುಗುಡ್ಡೆಗಳು ಪಟಪಟನೆ ಅದುರಿದವು. "ಕಿವಿಯೊಳಗ ಸಣ್ಣ ಸುಣ್ಣದ ಹರಳು ಇರ್ತಾವ್ರಿ. ಜಾಗ ಬಿಟ್ಟು ಪಕ್ಕದ ನಾಳಕ್ಕ ಜಾರ್ಯಾವು. ತಲಿ ಹೊಳ್ಳಿದ್ರ ಅವು ಹರೀತಾವು, ಮಿದುಳಿಗೆ ಲೋಕಾನs ತಿರುಗಿದಂಗ ಸುದ್ದಿ ಹೋಗ್ತೈತಿ."

"ಹಂಗಾದ್ರ ಬಲಕ್ಕ ಹೊಳ್ಳೋದು ಬಿಟ್ಟಿದ್ದು ಸರಿ ಅಲ್ಲೇನ್ರಿ?" ಎಂದೆ.

"ಬಿಟ್ರ ಹರಳು ಅಲ್ಲೇ ಕುಂತಿರ್ತಾವು. ಗುಳಿಗಿ ನುಂಗಿದ್ರ ವಾಕರಿಕಿ ತಗ್ಗೀತು, ಹರಳು ಸರಿಯಂಗಿಲ್ಲ. ಬಲಕ್ಕ ಮಲಗಿಸೇ ಅವನ್ನ ಮತ್ತ ಅವುಗಳ ಜಾಗಕ್ಕ ಕಳಸಬೇಕು."

ಅವ್ವ ಎದ್ದು ಕೂತಳು. "ನಾ ಒಲ್ಲೆ. ಬಲಕ್ಕ ಹೊಳ್ಳಬ್ಯಾಡ ಅಂತ ಇವನs ವಾರಪೂರ್ತಿ ಪುರಾವೆ ಕೊಟ್ಟಾನ್ರಿ!"

ಎರಡೂ ಪಕ್ಷ ವಹಿಸಿ ಮಾತಾಡುವುದು ಚರ್ಚೆಯವರಿಗೆ ಹೊಸದಲ್ಲ. ಎರಡು ಸಲವೂ ಎದುರಿಗೆ ಅವ್ವನೇ ತೀರ್ಪುಗಾರಳಾಗಿ ಕೂತಿರುವುದು ಹೊಸದು. "ಬಸ್ಸಿನಾಗ ಬರೇ ಎಡಕ್ಕ ನೋಡ್ಕೋತ ಟಿಕೆಟ್ ಕೊಡ್ತಿ ಏನಬೇ? ಬಲಗಡೆ ಸೀಟಿನವರು ಪುಕ್ಕಟೆ ಹೋಗ್ಲೇನು?"

"ಹೆಣ್ಮಕ್ಕಳು ಈಗs ಪುಕ್ಕಟೆ ಹೊಂಟಾರ," ಎಂದು ಗೊಣಗುತ್ತಲೇ ಮಲಗಿದಳು.

ವೈದ್ಯರು ಮಂಚದಂಚಿನಲ್ಲಿ ಜೋತ ತಲೆಯನ್ನು ಬಲಕ್ಕೆ ಹಿಡಿದು, ತಿರುಗುವುದು ನಿಲ್ಲುವವರೆಗೆ ಕಾದರು. ಆಮೇಲೆ ಎಡಕ್ಕೆ, ಮತ್ತೆ ಇಡೀ ಮೈ ಎಡಮಗ್ಗುಲಾಗಿ, ಮೂಗು ನೆಲದತ್ತ, ಕೊನೆಗೆ ಮೆಲ್ಲಗೆ ಕೂರಿಸಿದರು. ಅಷ್ಟು ಹೊತ್ತೂ ಅವಳ ಉಗುರು ನನ್ನ ಮುಂಗೈಯಲ್ಲಿತ್ತು. ವೈದ್ಯರು ಹೇಳಿದರು: "ಮತ್ತ ಬಂದ್ರೂ ಬರಬಹುದು, ಬಂದ್ರ ಮತ್ತ ಮಾಡೋಣು. ಪೂರ್ತಿ ನಿಲ್ಲೋತನ ಬಸ್ ಹತ್ತಬ್ಯಾಡ್ರಿ. ಮಾತು ತೊದಲಿದ್ರ, ಕೈಕಾಲು ಸೋತ್ರ, ಒಂದು ಎರಡಾಗಿ ಕಂಡ್ರ ಮಾತ್ರ ಇದನ್ನ ನಂಬ್ಕೊಂಡು ಕೂಡಬ್ಯಾಡ್ರಿ. ತಡ ಮಾಡದs ದೊಡ್ಡ ಆಸ್ಪತ್ರಿಗೆ ಹೋಗ್ರಿ."

ಮುಂದಿನ ವಾರದ ಪರೀಕ್ಷೆಯಲ್ಲಿ ಕಣ್ಣು ಅದುರಲಿಲ್ಲ. ವೈದ್ಯರ ಒಪ್ಪಿಗೆ ಹಿಡಿದು ಡಿಪೋಗೆ ಹೋದೆವು. ಅವ್ವನನ್ನು ಬಸ್ಸಿಗೇ ಕಳಿಸಿ ಎಂದು ಅಲ್ಲಿ ಆಡಲು ದಾರಿಯುದ್ದಕ್ಕೂ ನಾನು ವಾದ ಜೋಡಿಸುತ್ತಿದ್ದೆ. ಡಿಪೋ ಮ್ಯಾನೇಜರ್ ಸಾಹೇಬರು ಸೌಜನ್ಯದಿಂದಲೇ, "ಬೇಕಂದ್ರ ಸ್ವಲ್ಪ ದಿನ ಇಲ್ಲೇ ಕೂಡ್ರಿ," ಎಂದು ಕುರ್ಚಿ ತೋರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಟಿಕೆಟ್ ಮಷೀನನ್ನು ಕೊರಳಿಗೆ ಹಾಕಿಕೊಂಡಿದ್ದಳು.

"ಹರಪನಹಳ್ಳಿ ಗಾಡಿ ನಿಂತೈತ್ರಿ, ಬರ್ತೀನಿ."