ಹಸಿರು ಚೌಕದೊಳಗಿನ ‘ಆದರೆ’

‘ಇಲ್ಲ’ ಎನ್ನಬೇಕಾದಲ್ಲಿ ನಾನು ‘ನೋಡೋಣ’ ಎನ್ನುತ್ತೇನೆ. ಮೈಸೂರಿನಲ್ಲಿ ಇದಕ್ಕೆ ಸೌಜನ್ಯ ಎಂದು ಹೆಸರು. ದುಬೈನ ಆಫೀಸಿನಲ್ಲಿ ಇಷ್ಟು ವರ್ಷ ಕಳೆದರೂ ಅದು ಹೋಗಿಲ್ಲ. ಈ ರೋಗ ನನ್ನೊಬ್ಬನದಲ್ಲ ಎಂದು ಗೊತ್ತಾದದ್ದು ಮೊನ್ನೆ, ನಮ್ಮ ಕನ್ನಡ ಬಳಗ ಆನ್‌ಲೈನಿನಲ್ಲಿ ವಾದದ ನಕ್ಷೆ ಮಾಡಲು ಹೊರಟಾಗ.

ಕ್ರಮ ಸರಳವಾಗಿದೆ. ಮೇಲೆ ಒಂದು ವಾದ. ಒಪ್ಪುವವರು ಅದರ ಕೆಳಗೆ ಹಸಿರು ಚೌಕದಲ್ಲಿ ಕಾರಣ ಬರೆಯಬೇಕು, ಒಪ್ಪದವರು ಕೆಂಪು ಚೌಕದಲ್ಲಿ. ಆ ಚೌಕಗಳ ಕೆಳಗೂ ಹೀಗೆಯೇ ಹಸಿರೋ ಕೆಂಪೋ ಹಾಕಬಹುದು. ಗಲ್ಫಿನಲ್ಲಿ ಓದಿದ ಕನ್ನಡದ ಮಕ್ಕಳಿಗೂ ಕರ್ನಾಟಕದ ಸರ್ಕಾರಿ ಕೋಟಾದಲ್ಲಿ ಸೀಟು ಕೊಡಬೇಕು ಎಂಬುದು ನಮ್ಮ ವಾದ. ಬರೆದವರು ದುಬೈನ ಅಲ್ ಕೂಜ್‌ನಲ್ಲಿ ಗೋದಾಮು ಇಟ್ಟಿರುವ ಉಡುಪಿಯ ಸದಾನಂದಣ್ಣ, ಬಳಗಕ್ಕೆಲ್ಲ ಹಿರಿಯರು. ನಕ್ಷೆ ಮುಗಿದರೆ ಊರಿನ ಸರ್ಕಾರಕ್ಕೆ ಮನವಿ. ಹನ್ನೆರಡನೆಯ ತರಗತಿಯಲ್ಲಿರುವ ನನ್ನ ಮಗಳು ಅನಘಾ ಮೈಸೂರಿನ ಮೆಡಿಕಲ್ ಕಾಲೇಜು ಸೇರಬೇಕು, ನನ್ನ ಊರು ಅವಳ ಊರೂ ಆಗಬೇಕು ಎಂಬ ನನ್ನ ಆಸೆಯೂ ಆ ಮನವಿಯನ್ನೇ ನಂಬಿತ್ತು.

ವಾರದೊಳಗೆ ನಕ್ಷೆಯೆಲ್ಲ ಹಸಿರಾಯಿತು. ಹಿಗ್ಗಿನಿಂದ ಓದತೊಡಗಿದೆ. “ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಊರಿನ ಮಕ್ಕಳಿಗೆ ಸೀಟು ಕಡಿಮೆಯಾಗಬಹುದೇನೋ” ಎಂದು ಒಬ್ಬರು. ಉಳಿದವರದೂ ಹೆಚ್ಚುಕಡಿಮೆ ಅದೇ, ಹಸಿರು ಚೌಕದಲ್ಲೇ. ಹಿಂದಿನ ಪಂಡಿತರು ಎದುರಾಳಿಯ ಪೂರ್ವಪಕ್ಷವನ್ನು ಪೂರ್ತಿ ಹೇಳಿ ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರಂತೆ. ನಾವು ಪೂರ್ವಪಕ್ಷಕ್ಕೇ ಹಸಿರು ಬಣ್ಣ ಬಳಿದು ಕೂತಿದ್ದೆವು. ಅಣ್ಣನ ಮಾತಿನ ಕೆಳಗೆ ಕೆಂಪು ಹಾಕುವವರು ಯಾರು?

ಹಾಕಿದವಳು ಅನಘಾ. “ಅಪ್ಪಾ, ಎಲ್ಲರೂ ನೋ ಅಂತಾನೇ ಹೇಳ್ತಿದ್ದಾರೆ, ಬಟ್ ಇನ್ ಗ್ರೀನ್!” ಎಂದು ನಕ್ಕವಳು, ಮೊಟ್ಟಮೊದಲ ಕೆಂಪು ಚೌಕ ತೆರೆದಳು. ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇಷ್ಟು: ನನಗೆ ಓದಲು ಬೇರೆ ದಾರಿಗಳಿವೆ. ಮೈಸೂರಿನ ಅಜ್ಜಿಮನೆ ಪಕ್ಕದ ಭವ್ಯಾಗೆ ಇರುವುದು ಅದೊಂದೇ ಸೀಟು. ನನ್ನ ಹೆಸರು ಹೇಳಿ ಅದನ್ನು ಕೇಳಬೇಡಿ.

ನನಗೆ ನಿಜಕ್ಕೂ ನೋವಾಯಿತು.

ಸಂಜೆ ಸದಾನಂದಣ್ಣನ ಫೋನು. “ಎಂತ ಮಾರಾಯ, ನಿನ್ನ ಮಗಳು ಹೇಳಿದ್ದು ಸರಿ ಉಂಟಲ್ಲ! ಇನ್ನು ಮನವಿ ಖಲಾಸ್. ನಿಮಗೆ ಒಬ್ಬರಿಗಾದ್ರೂ ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು?”

“ನೋಡೋಣ ಅಣ್ಣ” ಎಂದೆ.

ಆಮೇಲೆ ಮಗಳ ಕೆಂಪು ಚೌಕದ ಕೆಳಗೆ ನನ್ನದೊಂದು ಕೆಂಪು ಚೌಕ ತೆರೆದು, “ಮೈಸೂರು ನಿನ್ನ ಊರೂ ಹೌದು” ಎಂದು ಬರೆದೆ. ತುಂಬ ಹೊತ್ತು ಅದನ್ನೇ ನೋಡಿದೆ. ಅಳಿಸಿ, ಅವಳ ಮಾತಿನ ಕೆಳಗೇ ಹಸಿರು ಚೌಕ ತೆರೆದೆ. “ಒಪ್ಪುತ್ತೇನೆ” ಎಂದು ಬರೆದು, ಮುಂದೆ ‘ಆದರೆ’ ಸೇರಿಸದೆ ಅಲ್ಲಿಗೇ ನಿಲ್ಲಿಸಿದೆ.