ಹೊಗೆ ನೀಲಿಯಾಗುವವರೆಗೆ

ನಮ್ಮೂರಿಗೆ ಹೊಸದಾಗಿ ಬರುವವರಿಗೆ ನಾನು ಹೇಳುವ ಗುರುತು ಒಂದೇ. ಹೆತ್ತೂರು ದಾಟಿ ವನಗೂರಿನ ಕಡೆ ಬನ್ನಿ, ರಸ್ತೆ ಬದಿಯ ಕೆಂಪು ಮಣ್ಣು ಎಲ್ಲಿ ಇದ್ದಕ್ಕಿದ್ದಂತೆ ಕಪ್ಪಾಗುತ್ತದೋ ಅಲ್ಲಿ ಜೀಪು ನಿಲ್ಲಿಸಿ. ಊರಿನ ಹೆಸರಿನ ಬೋರ್ಡೂ ಇದೆ, ಆದರೆ ಅದರ ಮೇಲೆ ಬಳ್ಳಿ ಹಬ್ಬಿ ಎಷ್ಟೋ ವರ್ಷವಾಯಿತು. ಕಡಿಯೋಣ ಎಂದು ಪ್ರತಿ ಬೇಸಿಗೆಯಲ್ಲೂ ಮಾತಾಡುತ್ತೇವೆ.

ನಮ್ಮದು ಇದ್ದಿಲು ಸುಡುತ್ತಿದ್ದವರ ಊರು. ಗುಡ್ಡದ ಇಳಿಜಾರಿನಲ್ಲಿ ಅಲ್ಲಲ್ಲಿ ದೋಸೆಕಲ್ಲಿನ ಹಾಗೆ ದುಂಡಗೆ, ಮಟ್ಟಸವಾಗಿ ಇರುವ ಜಾಗಗಳೆಲ್ಲ ಒಂದು ಕಾಲದ ಇದ್ದಿಲಿನ ಗೂಡುಗಳು. ಕೆಳಗೆ ಹಳ್ಳ, ಏಕೆಂದರೆ ಬೆಂಕಿಯ ಕೆಲಸಕ್ಕೆ ನೀರು ಕೈಗೆಟುಕುವಂತಿರಬೇಕು. ಮೇಲೆ ಬೋಳು ನೆತ್ತಿ. ಗಾಳಿ ಸರಿಯಾಗಿ ಬೀಸಿದ ದಿನ ಅಲ್ಲಿ ನಿಂತರೆ ಎಡಕುಮೇರಿ ಕಡೆ ಇಳಿಯುವ ರೈಲಿನ ಸದ್ದು ಕೇಳುತ್ತದೆ. ಸಕಲೇಶಪುರದ ಕಮ್ಮಾರರಿಗೆ, ಇಸ್ತ್ರಿಯವರಿಗೆ, ಹೋಟೆಲ್ಲುಗಳ ಒಲೆಗೆ ಇಲ್ಲಿಂದಲೇ ಗಾಡಿಗಟ್ಟಲೆ ಇದ್ದಿಲು ಹೋಗುತ್ತಿತ್ತಂತೆ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳೂ ನಮ್ಮ ಇದ್ದಿಲಿನ ಮೇಲೆಯೇ ಓಡಿದವು ಎಂದು ನನ್ನ ಅಜ್ಜಿ ಜಂಬ ಕೊಚ್ಚುತ್ತಿದ್ದಳು. ಆಮೇಲೆ ಗ್ಯಾಸು ಬಂತು, ಕಾಡಿನ ಕಾನೂನು ಬಿಗಿಯಾಯಿತು, ಗೂಡಿನ ಜಾಗದಲ್ಲೆಲ್ಲ ಕಾಫಿ ಬಂತು. ಆ ಕಪ್ಪು ಮಣ್ಣಿನಲ್ಲಿ ನನ್ನ ಗಿಡಗಳು ಎಷ್ಟು ಸೊಕ್ಕಿ ಬೆಳೆದಿವೆಯೆಂದರೆ ಪಕ್ಕದ ಎಸ್ಟೇಟಿನವರು ಏನು ಗೊಬ್ಬರ ಎಂದು ಕೇಳುತ್ತಾರೆ. ಮಸಿ ಎಂದರೆ ನಂಬುವುದಿಲ್ಲ, ಗುಟ್ಟು ಬಿಡುತ್ತಿಲ್ಲ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಇದ್ದಿಲು ಸುಡುವುದೆಂದರೆ ಸೌದೆಗೆ ಬೆಂಕಿ ಹಚ್ಚಿ ಕೈಕಟ್ಟಿ ಕೂರುವುದಲ್ಲ. ಸೌದೆಯನ್ನು ಗುಮ್ಮಟದ ಹಾಗೆ ಜೋಡಿಸಿ, ಮೇಲೆ ಸೊಪ್ಪು, ಅದರ ಮೇಲೆ ಹಸಿ ಮಣ್ಣು ಮೆತ್ತಿ, ಬುಡದಲ್ಲಿ ಸುತ್ತಲೂ ಗಾಳಿಕಂಡಿ ಬಿಟ್ಟು ಒಳಗೊಳಗೇ ಬೇಯಿಸಬೇಕು. ಹೊತ್ತಿಕೊಂಡ ಗೂಡನ್ನು ನಮ್ಮವರು ಬಾಣಂತಿ ಎನ್ನುತ್ತಿದ್ದರು. ಬೆಚ್ಚಗಿರಬೇಕು, ಗಾಳಿ ಸೋಕಬಾರದು, ಕಂಡಕಂಡವರು ಹತ್ತಿರ ಸುಳಿಯಬಾರದು. ಮೊದಲು ಬಿಳಿ ಹೊಗೆ ಬರುತ್ತದೆ, ಆಮೇಲೆ ಹಳದಿ, ಕೊನೆಗೆ ತೆಳ್ಳಗೆ ನೀಲಿ. ನೀಲಿ ಕಂಡ ಕೂಡಲೇ ಕಂಡಿಗಳನ್ನೆಲ್ಲ ಮುಚ್ಚಬೇಕು. ತಡವಾದರೆ ಒಳಗಿರುವುದೆಲ್ಲ ಬೂದಿ. ಇದಕ್ಕಾಗಿ ಪ್ರತಿ ಗೂಡಿಗೂ ಹೊಗೆ ನೋಡುವವರು ಎಂದು ಒಬ್ಬರಿರುತ್ತಿದ್ದರು. ಮುಚ್ಚಿ ಎಂದು ಅವರು ಹೇಳುವ ತನಕ ಬ್ರಹ್ಮ ಬಂದರೂ ಕಂಡಿ ಮುಟ್ಟುವಂತಿರಲಿಲ್ಲ.

ನಮ್ಮೂರಿನ ಕೊನೆಯ ಗೂಡಿಗೆ ಹೊಗೆ ನೋಡಿದವರು ನನ್ನ ದೊಡ್ಡಮ್ಮ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಹೊಗೆ ನೀಲಿಯಾಯಿತು ಎಂದು ಕಿರಿಯರು ಗುಸುಗುಸು ಎನ್ನುತ್ತಿದ್ದರೆ ದೊಡ್ಡಮ್ಮ ಮಾತ್ರ "ಇನ್ನೂ ಹಳದಿ ಐತೆ, ಸುಮ್ಕಿರ್ರೋ" ಎನ್ನುತ್ತಲೇ ಇದ್ದರು. ಗೂಡು ತೆಗೆದರೆ ಒಳಗೆ ಬರೀ ಬೂದಿ. ಆಮೇಲೆ ಯಾರೂ ಗೂಡು ಹಾಕಲಿಲ್ಲ. ಹೇಗಿದ್ದರೂ ಆ ಕಸುಬು ಮುಗಿಯುವುದರಲ್ಲಿತ್ತು, ಆದರೆ ಮುಗಿಸಿದ ಹೆಸರು ದೊಡ್ಡಮ್ಮನಿಗೆ ಬಂತು. ಅವರ ಮೈದುನ, ಅಂದರೆ ನನ್ನ ಚಿಕ್ಕಪ್ಪ, ಹಬ್ಬ ಹುಣ್ಣಿಮೆಗೆ ನೆಂಟರು ಕೂಡಿದಾಗಲೆಲ್ಲ ಹಣೆ ಸವರಿಕೊಂಡು, "ನಮ್ಮತ್ತಿಗೆ ಊರಿಗೆಲ್ಲಾ ಆಗೋವಷ್ಟು ವಿಭೂತಿ ಮಾಡಿಕೊಟ್ರು ಕಣ್ರೀ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ದೊಡ್ಡಮ್ಮನೂ ನಗುತ್ತಿದ್ದರು, ಆದರೆ ಆ ದಿನ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ನನಗೆ ಚಿಕ್ಕಪ್ಪನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಹಾಸನಕ್ಕೆ ಕರೆದುಕೊಂಡು ಹೋಗಿ ದೊಡ್ಡಮ್ಮನ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಮನೆಗೆ ಬಂದವರೇ ಮೊದಲು ಬೈದದ್ದು ನನ್ನನ್ನು. "ಅಡುಗೆಮನೆ ಗೋಡೆ ಮ್ಯಾಲೆ ಇಷ್ಟೊಂದು ಮಸಿ ಐತಲ್ಲೇ, ಒಬ್ಬರಾದ್ರೂ ಹೇಳಬಾರ್ದಾ?" ಆಮೇಲೆ ಪೆಟ್ಟಿಗೆ ತೆರೆದು ಒಂದು ಸೀರೆ ಹಿಡಿದು ನಿಂತುಬಿಟ್ಟರು. "ಮಗ, ಇದು ಬೂದು ಬಣ್ಣದ್ದಲ್ವಾ?" ಅಲ್ಲ ದೊಡ್ಡಮ್ಮ, ತಂದ ದಿನದಿಂದಲೂ ಅದು ನೀಲಿಯೇ ಎಂದೆ. ಅವರು ಆ ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಲಿಲ್ಲ, ಎರಡು ದಿನ ಅದನ್ನೇ ಉಟ್ಟರು. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಒಂದು ಗೂಡು ಹಾಕಬೇಕು ಮಗ" ಎಂದರು.

ನಾನು ಆಗಷ್ಟೇ ಹಳೆಯ ಕಾಫಿ ಗಿಡಗಳನ್ನು ಕೀಳಿಸಿ ಬುಡಗಳನ್ನು ಒಂದೆಡೆ ರಾಶಿ ಹಾಕಿಸಿದ್ದೆ. ತಗೊಳ್ಳಿ ಎಂದೆ. ಸುದ್ದಿ ತಿಳಿದದ್ದೇ ತಡ, ಗುಡ್ಡ ಹತ್ತಲು ಏದುಸಿರು ಬಿಡುವ ಮುದುಕರೆಲ್ಲ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಸೌದೆ ಜೋಡಿಸುವ ಕಡೆ ಒಬ್ಬೊಬ್ಬರದೂ ಒಂದೊಂದು ಮಾತು. ಹೆಂಗಸರು ಮಣ್ಣು ಮೆತ್ತಿ, ಬೆಲ್ಲ ಕಾಯಿ ಇಟ್ಟು, ಬಾಣಂತಿಗೆ ಹೇಳುವ ಪದ ಹೇಳಿದರು. ಅರ್ಧ ಪದ ಮರೆತೇಹೋಗಿತ್ತು, ಬಾಯಿಗೆ ಬಂದದ್ದನ್ನು ಸೇರಿಸಿಕೊಂಡು ನಕ್ಕರು. ಇಷ್ಟು ಗಲಾಟೆ, ಇಷ್ಟು ಸಂತೋಷ ನಮ್ಮೂರಿನಲ್ಲಿ ಯಾವ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ಹೊಗೆ ನೋಡುವವರು ಯಾರು ಎಂಬಲ್ಲಿಗೆ ಮಾತ್ರ ಎಲ್ಲರೂ ದೊಡ್ಡಮ್ಮನ ಕಡೆಗೊಮ್ಮೆ, ಚಿಕ್ಕಪ್ಪನ ಕಡೆಗೊಮ್ಮೆ ನೋಡಿದರು. "ಅತ್ತಿಗೆ, ಈ ಸಲ ನಾನು ಕೂತ್ಕತೀನಿ ಬುಡಿ" ಎಂದರು ಚಿಕ್ಕಪ್ಪ. ದೊಡ್ಡಮ್ಮ ಗೂಡಿನ ಎದುರು ಮಣೆ ಹಾಕಿಕೊಂಡು ಕೂತರು, ನೀಲಿ ಸೀರೆ ಉಟ್ಟುಕೊಂಡು.

ಬಿಳಿ ಹೊಗೆ ಬಂತು, ಹೋಯಿತು. ಹಳದಿ ಬಂತು. ಒಂದು ಬೆಳಿಗ್ಗೆ ಮಂಜು ಕರಗಿ ಬಿಸಿಲು ಬೀಳುವ ಹೊತ್ತಿಗೆ ದೊಡ್ಡಮ್ಮ ಮಣೆಯಿಂದ ಎದ್ದು, "ಮುಚ್ಚಿ" ಎಂದರು.

"ಅಯ್ಯೋ, ಏನ್ ಅತ್ತಿಗೆ, ಇನ್ನೂ ಹಳದಿ ಐತೆ!" ಚಿಕ್ಕಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡಿ ಕೂಗಿದರು. ಅವರ ಪಕ್ಕದ ಮುದುಕರೂ ಕಣ್ಣು ಕಿರಿದು ಮಾಡಿಕೊಂಡು ನೋಡಿ, ಹೌದು ಹೌದು, ಹಳದಿಯೇ, ಅವಸರ ಮಾಡಿದರೆ ಅರೆಬೆಂದು ಕೂರುತ್ತದೆ ಎಂದರು. ನನಗೆ ಹೊಗೆ ನೀಲಿಯಾಗಿಯೇ ಕಂಡಿತ್ತು. ಆದರೆ ನಮ್ಮೂರಿನಲ್ಲಿ ಹೊಗೆಯ ವಿಷಯಕ್ಕೆ ಕಿರಿಯರು ಬಾಯಿ ಹಾಕುವುದಿಲ್ಲ.

ದೊಡ್ಡಮ್ಮ ಚಿಕ್ಕಪ್ಪನ ಮುಖವನ್ನೇ ನೋಡುತ್ತಾ ನಿಂತರು. ಚಿಕ್ಕಪ್ಪ ಕೂಗಿದ್ದು ಅಕ್ಷರ ಬಿಡದೆ ದೊಡ್ಡಮ್ಮನದೇ ಹಳೆಯ ಮಾತು. ಆಮೇಲೆ ತಮ್ಮ ಸೆರಗಿನ ತುದಿಯನ್ನು ಎತ್ತಿ ಚಿಕ್ಕಪ್ಪನ ಕಣ್ಣ ಮುಂದೆ ಹಿಡಿದು ಕೇಳಿದರು: "ಇದು ಯಾವ ಬಣ್ಣ ಹೇಳಪ್ಪ?"

"ಬೂದಿ ಬಣ್ಣ" ಎಂದರು ಚಿಕ್ಕಪ್ಪ, ಒಂದು ಚೂರೂ ಅನುಮಾನವಿಲ್ಲದೆ.

ದೊಡ್ಡಮ್ಮ ನಗಲು ಶುರು ಮಾಡಿದರು. ಎಷ್ಟು ನಕ್ಕರೆಂದರೆ ಮತ್ತೆ ಮಣೆಯ ಮೇಲೆ ಕೂರಬೇಕಾಯಿತು, ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ತಮ್ಮ ಕೈಗುಣವೇ ಕೆಟ್ಟದ್ದು ಎಂದು ಕೊರಗಿದ್ದವರಿಗೆ ಅಂದು ಗೊತ್ತಾಯಿತು, ಕೆಟ್ಟದ್ದು ಕೈಗುಣವಲ್ಲ, ಕಣ್ಣಿನ ಮೇಲೊಂದು ಪರದೆ ಇತ್ತು ಅಷ್ಟೆ. "ಮುಚ್ಚಿ ಅಂದ್ನಲ್ಲಾ, ಹೊಗೆ ನೋಡೋಳು ನಾನು!" ಎಂದು ಗದರಿದ ಮೇಲೆ ನಾನೇ ಮೊದಲು ಮಣ್ಣು ಹಿಡಿದು ಓಡಿದೆ.

ಗೂಡು ತಣ್ಣಗಾಗಲು ಬಿಟ್ಟು, ತೆಗೆಯುವ ದಿನ ಊರಿಗೆ ಊರೇ ಸೇರಿತ್ತು. ದೊಡ್ಡಮ್ಮ ಮಣ್ಣು ಸರಿಸಿ, ಕೈಹಾಕಿ ಒಂದು ತುಂಡು ತೆಗೆದು ಕಲ್ಲಿಗೆ ತಟ್ಟಿದರು. ಠಣ್ ಎಂದಿತು. ಚೆನ್ನಾಗಿ ಬೆಂದ ಇದ್ದಿಲು ಹಾಗೆಯೇ ಸದ್ದು ಮಾಡುವುದು.

ಮೊದಲ ಇದ್ದಿಲಿನಿಂದ ಎಲ್ಲರ ಕೆನ್ನೆಗೂ ದೃಷ್ಟಿಬೊಟ್ಟು ಇಡುವುದು ನಮ್ಮೂರ ಪದ್ಧತಿ. ದೊಡ್ಡಮ್ಮ ಸಾಲಾಗಿ ಇಡುತ್ತಾ ಬಂದರು. ಚಿಕ್ಕಪ್ಪ ಎಲ್ಲರಿಗಿಂತ ಹಿಂದೆ, ತಲೆ ತಗ್ಗಿಸಿ ನಿಂತಿದ್ದರು. ಸರದಿ ಬಂದಾಗ ಸುಮ್ಮನೆ ಕೆನ್ನೆ ಒಡ್ಡಿದರು. ಹಣೆ ಸವರಿಕೊಳ್ಳಲಿಲ್ಲ, ವಿಭೂತಿಯ ಮಾತೆತ್ತಲಿಲ್ಲ.

ದೊಡ್ಡಮ್ಮ ಅವರ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದರು. "ನಾಳೆಗೆ ಜೀಪ್ ಹೇಳಿದೀನಿ. ಹಾಸನಕ್ಕೆ ಹೋಗಿ ಮೊದಲು ಕಣ್ಣು ತೋರ್ಸು" ಎಂದು ಬೊಟ್ಟು ಇಟ್ಟರು, ಎಲ್ಲರಿಗಿಂತ ದೊಡ್ಡದಾಗಿ.