ಟ್ಯಾಗಿನ ಮೇಲಿನ ಮಗಳು

ತಿರುಪ್ಪೂರಿನ ಸೇತುವೆಯ ಮೇಲೆ ಬಸ್ಸು ನಿಂತಾಗ ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ಹರಿಯುತ್ತಿದ್ದ ನೀರು ನೇರಳೆ ಬಣ್ಣದಲ್ಲಿತ್ತು. ಹೋಳಿಯ ದಿನ ನಮ್ಮ ರಾಣೆಬೆನ್ನೂರಿನ ಚರಂಡಿಯಲ್ಲಿ ಒಂದು ಹೊತ್ತು ಕಾಣುವ ಬಣ್ಣ ಇಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿಂದ ನದಿಗೇ ಬಂದಿತ್ತು. ಪಕ್ಕದಲ್ಲಿದ್ದ ಹೆಂಗಸು ಒಮ್ಮೆ ಇಣುಕಿ, ಹೋದ ವಾರ ಹಸಿರಿತ್ತು ಎಂದು ತಮಿಳಿನಲ್ಲೂ ಕೈಸನ್ನೆಯಲ್ಲೂ ತಿಳಿಸಿ ಮತ್ತೆ ತೂಕಡಿಸತೊಡಗಿದಳು.

ಕೊಯಮತ್ತೂರಿಗೆ ಎಂಬಿಎ ಓದಲು ಬಂದು ಆಗ ಎಂಟು ತಿಂಗಳಾಗಿತ್ತು. ಸಂಜೆ ಆರೂವರೆಗೆ ಗೇಟು ಹಾಕುವ ಲೇಡೀಸ್ ಹಾಸ್ಟೆಲ್ಲು, ಒಂದಕ್ಷರವೂ ಓದಲು ಬಾರದ ಬಸ್ಸಿನ ಬೋರ್ಡುಗಳು. ಶೇಂಗಾ ಎಣ್ಣೆಯ ಊರಿನವಳಿಗೆ ಕಾಂಗೇಯಂ ಕಡೆಯ ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ಪಲ್ಯ ತಿಂದರೆ ತಲೆಗೆ ಹಚ್ಚಿಕೊಳ್ಳುವುದನ್ನು ನುಂಗಿದ ಹಾಗಾಗುತ್ತಿತ್ತು. ಇದ್ದ ಒಂದೇ ಸುಖವೆಂದರೆ ಕಾಲೇಜಿನ ಎದುರಿನ ಬ್ರೌಸಿಂಗ್ ಸೆಂಟರ್. ನಮ್ಮ ಪಠ್ಯದಲ್ಲಿ ಇಂಟರ್ನೆಟ್ ಮಾರ್ಕೆಟಿಂಗಿಗೆ ಅರ್ಧ ಪುಟ ಇತ್ತು. ಉಳಿದದ್ದನ್ನು ಆ ಪ್ಲೈವುಡ್ ಗೂಡಿನಲ್ಲಿ ಕೂತು ನಾನೇ ಕಲಿತೆ. ಬ್ಲಾಗ್ ತೆರೆಯುವುದು, ಜನ ಏನೆಂದು ಟೈಪ್ ಮಾಡಿ ಹುಡುಕುತ್ತಾರೋ ಆ ಪದಗಳನ್ನೇ ಶೀರ್ಷಿಕೆಗೆ ತರುವುದು, ಎಷ್ಟು ಜನ ಬಂದು ಹೋದರೆಂದು ತೋರಿಸುವ ಕೌಂಟರ್ ಕೂರಿಸುವುದು, ಎಲ್ಲಾ. ಒಂದು ಸೈಟಿನಲ್ಲಿ ಓದಿದ ಪಾಠವಂತೂ ತಲೆಗೆ ಹತ್ತಿಬಿಟ್ಟಿತ್ತು. ಜನ ಕಂಪನಿಯನ್ನು ನಂಬುವುದಿಲ್ಲ, ಮುಖವನ್ನು ನಂಬುತ್ತಾರೆ. ನಿನ್ನ ಹೆಸರೇ ನಿನ್ನ ಬ್ರ್ಯಾಂಡು, ಅದಕ್ಕೊಂದು ಕಥೆ ಕೊಡು.

ಪ್ರಾಜೆಕ್ಟಿಗೆ ಸಿಕ್ಕಿದ್ದು ತಿರುಪ್ಪೂರಿನ ರಂಗಸಾಮಿ ಅಣ್ಣನ ಬನಿಯನ್ ಕಂಪನಿ. ಟೀಶರ್ಟ್ ಹೊಲಿದು ಹೊರದೇಶಕ್ಕೆ ಕಳಿಸುವ ಕಾರ್ಖಾನೆಗೂ ಇಲ್ಲಿ ಬನಿಯನ್ ಕಂಪನಿಯೆಂದೇ ಹೆಸರು. ಹರಕು ತಮಿಳಿನಲ್ಲಿ ನನ್ನ ಪರಿಚಯ ಹೇಳಿಕೊಳ್ಳುತ್ತಿದ್ದಾಗ ಅವರ ತಾಯಿ ಪಾಪಮ್ಮಜ್ಜಿ ಒಳಗಿನಿಂದ ಬಂದು ಮಗನಿಗೆ ಏನೋ ಹೇಳಿದರು. ರಾಗ ತಮಿಳಿನದು, ಪದಗಳು ನನ್ನವು.

"ಈ ಪೊಣ್ಣಿಗೆ ಮೊದಲು ನೀರು ಕೊಡೋ, ಬಿಸಿಲಾಗೆ ಬಂದದೆ."

ಪೊಣ್ಣು ಎಂದರೆ ಹುಡುಗಿ. ನಾನು ಕನ್ನಡದಲ್ಲೇ, ನೀರು ಬೇಡ ಅಜ್ಜಿ, ಈಗಷ್ಟೇ ಕುಡಿದೆ ಎಂದೆ. ಅಜ್ಜಿ ಬಂದು ಗಲ್ಲ ಹಿಡಿದರು.

"ಅಮ್ಮಿಣಿ, ನೀನು ನಮ್ಮ ಮಾತು ಆಡ್ತೀಯಲ್ಲ. ಯಾರ ಮನೆಯವಳು?"

ಈ ಕಡೆ ಹುಡುಗಿಯರನ್ನು ಪ್ರೀತಿಯಿಂದ ಹಾಗೆ ಕರೆಯುತ್ತಾರೆ, ಅಮ್ಮಿಣಿ ಎಂದು. ಅವರದು ಹತ್ತಿರದ ಕುನ್ನತ್ತೂರಿನ ಒಕ್ಕಲುತನದ ಮನೆತನ. ಹಿರಿಯರು ಕನ್ನಡ ನಾಡಿನಿಂದ ಯಾವ ಕಾಲದಲ್ಲಿ ಬಂದರೋ ಅವರಿಗೂ ತಿಳಿಯದು. ಮನೆಯೊಳಗಿನ ಮಾತಿಗೆ ಕನ್ನಡ ಎಂದು ಅನ್ನುವುದೂ ಇಲ್ಲ, 'ನಮ್ಮ ಮಾತು' ಅಷ್ಟೆ. ಅದನ್ನು ಓದಲು ಯಾರಿಗೂ ಬಾರದು. ಆದರೆ ಎಂಟು ತಿಂಗಳ ಮೇಲೆ ಒಬ್ಬರು ನನ್ನನ್ನು ಕನ್ನಡದಲ್ಲಿ ಗದರಿ ಊಟಕ್ಕೆ ಕೂರಿಸಿದ್ದು ಆ ಮನೆಯಲ್ಲೇ. ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿದ ಅರಿಸಿ ಪರುಪ್ಪು ಸಾದಂ, ಮೇಲೆ ತುಪ್ಪ. ರೊಟ್ಟಿ ತಿಂದು ಬೆಳೆದ ನಾನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಕಂಪನಿಗೆ ಸೈಟು, ಬ್ಲಾಗು ಎರಡನ್ನೂ ಮಾಡಿದೆ. ಮುಖ ಬೇಕಲ್ಲ? ಅಣ್ಣನ ಫೋಟೋ ಕೇಳಿದರೆ ಅವರು ನಕ್ಕರು. ತನ್ನ ಮೂತಿ ನೋಡಿ ಯಾವ ಫಾರಿನ್‌ನವನು ಆರ್ಡರ್ ಕೊಡುತ್ತಾನೆ, ಇಂಗ್ಲಿಷಿನಲ್ಲಿ ಉತ್ತರ ಬರೆಯುವವಳು ನೀನೇ, ನಿನ್ನದೇ ಹಾಕು ಎಂದರು. ಹಾಕಿದೆ. ಕಥೆಯನ್ನೂ ಬರೆದೆ. 'ನಾನು ರೇಣುಕಾ. ಅಪ್ಪನ ಯಂತ್ರದ ಸದ್ದು ಕೇಳುತ್ತಾ ನಿದ್ದೆಹೋಗುತ್ತಿದ್ದ ಮಗು. ಇವತ್ತು ಅಪ್ಪನ ಕಂಪನಿಯನ್ನು ನಿಮ್ಮ ಮುಂದಿಡುತ್ತಿದ್ದೇನೆ.'

ನನ್ನ ಅಪ್ಪ ಫಕ್ಕೀರಪ್ಪ ರಾಣೆಬೆನ್ನೂರಿನಲ್ಲಿ ಟೈಲರ್. ಕಾಲಲ್ಲಿ ತುಳಿಯುವ ಒಂದೇ ಮಷೀನು, ಒಂದು ಬಾಗಿಲಿನ ಅಂಗಡಿ. ನಿದ್ದೆ ನಿಜ, ಸದ್ದು ನಿಜ. ಅಪ್ಪನನ್ನು ಮಾತ್ರ ಬದಲಾಯಿಸಿದೆ. ಒಂದು ಮಷೀನಿನ ಟೈಲರ್ ಬ್ರ್ಯಾಂಡಿಗೆ ಹೊಂದುವುದಿಲ್ಲ ಎಂದು ಆಗ ಅನಿಸಿತ್ತು. ತಪ್ಪು ಅನಿಸಲೇ ಇಲ್ಲ. ಜಾಣತನ ಅನಿಸಿತು.

ಬ್ಲಾಗು ಓಡಿತು. ಟೀಶರ್ಟ್ ಒಗೆದರೆ ಯಾಕೆ ಕುಗ್ಗುತ್ತದೆ, ಬಟ್ಟೆಯ ತೂಕ ಕೈಯಲ್ಲಿ ಹೇಗೆ ತಿಳಿಯುತ್ತದೆ ಎಂದೆಲ್ಲ ಕಟಿಂಗ್ ಮಾಸ್ಟರ್ ಹತ್ತಿರ ಕೇಳಿ ಬರೆಯುತ್ತಿದ್ದೆ. ಡೆನ್ಮಾರ್ಕಿನಿಂದ ಕಾರಿನ್ ಎಂಬಾಕೆಯ ಮೇಲ್ ಬಂತು. ಆಕೆಯದು ಮಕ್ಕಳ ಬಟ್ಟೆಯ ಅಂಗಡಿ. ಮೊದಲು ಸ್ಯಾಂಪಲ್, ಆಮೇಲೆ ಸಣ್ಣ ಆರ್ಡರ್. 'ನಿಮ್ಮ ತಂದೆಗೆ ನಮಸ್ಕಾರ ತಿಳಿಸಿ' ಎಂದು ಕೊನೆಗೆ ಬರೆದಿದ್ದಳು. ಅಣ್ಣನಿಗೆ ಕಥೆ ತಿಳಿದದ್ದು ಆಗಲೇ.

"ಎದುರಿಗೆ ಅಣ್ಣ, ಕಂಪ್ಯೂಟರೊಳಗೆ ಅಪ್ಪ. ನನ್ನ ವಯಸ್ಸು ಏರಿಸ್ಬಿಟ್ಟೆ ಅಮ್ಮಿಣಿ" ಎಂದರು, ಅಷ್ಟೆ.

ಓದು ಮುಗಿಯಿತು. ಒಂದು ಸೀಸನ್ ಇದ್ದು ಹೋಗು ಎಂದು ಮಹಡಿಯ ಮೇಲಿನ ಕೋಣೆ ಕೊಟ್ಟರು. ಗೇಟಿಲ್ಲದ ಕೋಣೆ ಎಂದು ಖುಷಿಪಟ್ಟು ಬಂದೆ.

ಆ ಸೀಸನ್ನಿನಲ್ಲೇ ಕಾರಿನ್ ಬಂದಳು. ಜೊತೆಗೆ ಇಲ್ಲಿಯ ಏಜೆಂಟ್. ಖರೀದಿದಾರರಿಗೆ ಕಂಪನಿ ತೋರಿಸುವ ಇಂಥವರಿಗೆ ಊರಿನ ಪ್ರತಿ ಮನೆಯ ಒಳಹೊರಗು ಗೊತ್ತು. ಊಟಕ್ಕೆ ಕೂತಾಗ ಆತ ಅಣ್ಣನನ್ನು ತಮಿಳಿನಲ್ಲಿ ಕೇಳಿದ, ನಿಮಗೆ ಇಬ್ಬರು ಗಂಡುಮಕ್ಕಳಲ್ಲವೇ, ಮಗಳು ಯಾವಾಗ ಬಂದಳು ಎಂದು. ನನ್ನ ಕೈಯ ಸೌಟು ನಿಂತಿತು. ಅಣ್ಣ ತಟ್ಟೆ ನೋಡುತ್ತಿದ್ದರು. ಪಾಪಮ್ಮಜ್ಜಿ ಮಾತ್ರ ತಮಿಳಿನಲ್ಲಿ, ನಮ್ಮ ಪೊಣ್ಣೇ ಎಂದು ಚುಟುಕಾಗಿ ಮುಗಿಸಿ, ನನ್ನ ಕಡೆ ತಿರುಗಿದರು.

"ನೀನು ಸುಮ್ನೆ ತುಪ್ಪ ಬಡಿಸು, ಅಮ್ಮಿಣಿ."

"ಬಡಿಸ್ತೀನಿ ಅಜ್ಜಿ" ಎಂದೆ.

ಏಜೆಂಟ್ ತಲೆಯಾಡಿಸಿದ. ಈ ಮನೆಯವರು ಒಳಗೆ ಮಾತ್ರ ಆಡುವ ಭಾಷೆಯೊಂದಿದೆ, ಹೊರಗಿನವರಿಗೆ ಬಾರದು, ಈ ಹುಡುಗಿ ಅದನ್ನೇ ಆಡುತ್ತಾಳೆ, ಮನೆಮಗಳೇ ಸರಿ ಎಂದು ಕಾರಿನ್‌ಗೆ ಇಂಗ್ಲಿಷಿನಲ್ಲಿ ವಿವರಿಸಿದ. ಪರವೂರಿನಲ್ಲಿ ನನ್ನನ್ನು ಉಳಿಸಿದ ಕನ್ನಡ ಅವತ್ತು ನನ್ನ ಸುಳ್ಳಿಗೆ ಸಾಕ್ಷಿ ಹೇಳಿತು.

ಕಾರಿನ್‌ಳ ಕಣ್ಣು ತುಂಬಿತ್ತು. ದೊಡ್ಡ ಆರ್ಡರ್ ಕೊಟ್ಟಳು. ಅದರ ಜೊತೆಗೆ ಒಂದು ಆಸೆ: ಪ್ರತಿ ಬಟ್ಟೆಗೆ ತೂಗುಹಾಕುವ ಟ್ಯಾಗಿನ ಮೇಲೆ ನನ್ನ ಫೋಟೋ, ಕೆಳಗೆ ಆ ಕಥೆ.

ಟ್ಯಾಗುಗಳು ಕಟ್ಟು ಕಟ್ಟಾಗಿ ಬಂದವು. ಪ್ಯಾಕಿಂಗ್ ಟೇಬಲ್ಲಿನ ಹೆಂಗಸರು ಟ್ಯಾಗ್ ಗನ್ ಹಿಡಿದು ಟಕ್ ಟಕ್ ಎಂದು ಅವನ್ನು ಚುಚ್ಚಿ ಕೂರಿಸುತ್ತಿದ್ದರು. ತೂತು ಸರಿಯಾಗಿ ನನ್ನ ಕಿವಿಯ ಪಕ್ಕದಲ್ಲೇ ಬರುತ್ತಿತ್ತು. ಬೆಳಗ್ಗೆಯಿಂದ ನಿನಗೆ ಎಷ್ಟು ಸಲ ಕಿವಿ ಚುಚ್ಚಿದೆನೋ, ಓಲೆ ಕೊಡಿಸಬೇಕಾದವಳು ನಾನೇ ಎಂದು ಒಬ್ಬಾಕೆ ತಮಿಳಿನಲ್ಲಿ ಹೇಳಿದಾಗ ಟೇಬಲ್ಲೆಲ್ಲ ನಕ್ಕಿತು. ನಾನೂ ನಕ್ಕೆ.

ಆ ವಾರವೇ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಿಂದ ಕೆಲಸದ ಪತ್ರ ಬಂದಿತ್ತು. ಮಾರ್ಕೆಟಿಂಗ್ ಕೆಲಸ, ಅಪ್ಪನ ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ನಾನು ಕಾದದ್ದೇ ಅದಕ್ಕೆ. ಅಣ್ಣನಿಗೆ ಹೇಳಿದೆ. ಅವರು ಬೇಡವೆನ್ನಲಿಲ್ಲ.

"ಹೋಗು ಅಮ್ಮಿಣಿ. ನಿನ್ನ ಊರು. ಆದ್ರೆ ಆಯಮ್ಮ, ಮಗಳು ಎಲ್ಲೋದ್ಲು ಅಂತ ಕೇಳಿದ್ರೆ ನಾನು ಏನು ಹೇಳ್ಲಿ, ಅದೊಂದು ಹೇಳ್ಕೊಟ್ಟು ಹೋಗು."

ಎರಡು ದಿನ ಯೋಚಿಸಿದೆ. ಮದುವೆಯಾಯಿತು ಅನ್ನಬೇಕೇ? ಇನ್ನೊಂದು ಸುಳ್ಳು. ನಿಜ ಹೇಳಿದರೆ, ಕಥೆ ನಂಬಿ ಬಂದವಳು ಕಥೆ ಸುಳ್ಳೆಂದು ಹೋಗುತ್ತಾಳೆ. ಆಕೆಯ ಆರ್ಡರ್ ನೆಚ್ಚಿಕೊಂಡೇ ಅಣ್ಣ ಹೊಸದಾಗಿ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಕಿವಿ ಚುಚ್ಚಿದೆನೆಂದು ನಗಿಸಿದವಳೂ ಅವರಲ್ಲೊಬ್ಬಳು. ಹಾಸ್ಟೆಲ್ಲಿನಲ್ಲಿ ಗೇಟು ಹಾಕುವಾಗ ವಾರ್ಡನ್ನಿಗೆ ಬೈಯಬಹುದಿತ್ತು. ಇಲ್ಲಿ ಯಾರಿಗೆ ಬೈಯಲಿ? ಬೀಜದ ಕಂಪನಿಗೆ, ಸದ್ಯಕ್ಕೆ ಬರಲಾಗುವುದಿಲ್ಲ ಎಂದು ನಾನೇ ಮೇಲ್ ಬರೆದೆ.

ಮುಂದಿನ ಭಾನುವಾರ ಅಪ್ಪನ ಫೋನು. ಹಿಂದೆಂದೋ ಹೆಮ್ಮೆಯಿಂದ ಭಾವನಿಗೆ ಬ್ಲಾಗಿನ ವಿಳಾಸ ಕೊಟ್ಟಿದ್ದೆ. ಅವನು ಅದನ್ನು ಪ್ರಿಂಟ್ ತೆಗೆಸಿ, ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಕನ್ನಡ ಮಾಡಿ ಓದಿದ್ದ.

"ಚಲೋ ಬರದೀಯವಾ" ಎಂದ ಅಪ್ಪ. ಆಮೇಲೆ ಕೇಳಿದ, "ಆ ಅಪ್ಪಾರು ನಿನ್ನ ಚಲೋ ನೋಡ್ಕೋತಾರಿಲ್ಲೋ?"

ಹ್ಞೂಂ ಎಂದೆ.

"ಅಳತಿ ಹಳೇದ ಐತಿಲ್ಲ? ದಪ್ಪ ಏನೂ ಆಗಿಲ್ಲಲ್ಲ?"

ಹಳೆಯದೇ ಅಪ್ಪ, ಎಂದೆ.

ಹತ್ತು ದಿನಕ್ಕೆ ಪಾರ್ಸಲ್ ಬಂತು. ನೀಲಿ ಚೂಡಿದಾರ. ಅಪ್ಪನ ಹೊಲಿಗೆ ನೋಡಿದರೆ ಗೊತ್ತಾಗುತ್ತದೆ, ಒಳಗಿನ ಅಂಚು ಹೊರಗಿನಷ್ಟೇ ನೀಟು. ಪಾಪಮ್ಮಜ್ಜಿ ಅದನ್ನು ಮಡಿಲಿಗೆ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಬನಿಯನ್ ಕಂಪನಿಯ ಮನೆಯವರು ಬಟ್ಟೆ ನೋಡುವುದೇ ಹಾಗೆ, ಒಳಮೈಯಿಂದ. ಕುತ್ತಿಗೆಯ ಒಳಗಡೆಯ ಪಟ್ಟಿಯ ಮೇಲೆ ಅವರ ಹೆಬ್ಬೆರಳು ನಿಂತಿತು.

"ಇದೇನು ಬರ್ದದೆ?"

"ಫಕ್ಕೀರಪ್ಪ ಟೈಲರ್, ರಾಣೆಬೆನ್ನೂರು."

"ಯಾರದು?"

"ನಮ್ಮಪ್ಪ, ಅಜ್ಜಿ."

ತಾನು ಆಡುವ ಮಾತಿನ ಅಕ್ಷರಗಳನ್ನು ಅಜ್ಜಿ ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಒಂದೊಂದನ್ನೂ ಬೆರಳಿನಿಂದ ಸವರಿದರು.

"ಒಳಗೆ ಯಾತಕ್ಕೆ ಹೊಲಿದವ್ರೆ? ಯಾರಿಗೂ ಕಾಣಾದಿಲ್ವೆ."

ಅಜ್ಜಿ ಬಟ್ಟೆ ಮಡಿಸಿ ನನ್ನ ಕೈಗಿಟ್ಟು, ನಾಳೆ ಇದನ್ನೇ ತೊಟ್ಟುಕೊಂಡು ಕಂಪನಿಗೆ ಹೋಗು ಎಂದರು.

ಇಲ್ಲಿ ಕನ್ನಡ ಆಡುವವರು ಇದ್ದಾರೆ, ಓದುವವರಿಲ್ಲ. ಆ ಧೈರ್ಯದ ಮೇಲೆ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಲು ಬೇಕಾದ ಧೈರ್ಯ ಇನ್ನೂ ಬಂದಿಲ್ಲ. ಕಾರಿನ್ ಮುಂದಿನ ಸೀಸನ್ನಿನ ಬಣ್ಣಗಳನ್ನು ಕಳಿಸಿದ್ದಾಳೆ, ಕೊನೆಗೆ ಎಂದಿನಂತೆ ತಂದೆಗೆ ನಮಸ್ಕಾರ. ಯಾವ ತಂದೆಗೆ ತಿಳಿಸಲೆಂದು ತೋಚದೆ ಈ ಸಲ ಯಾರಿಗೂ ತಿಳಿಸಿಲ್ಲ.

ನೀಲಿ ಚೂಡಿದಾರ ಮೈಮೇಲಿದೆ. ಎದುರಿಗೆ ಟ್ಯಾಗುಗಳು ಟಕ್ ಟಕ್ ಎಂದು ಬೀಳುತ್ತಿವೆ. ಅಪ್ಪನ ಹೆಸರಿನ ಹೊಸ ಪಟ್ಟಿಯ ಅಂಚು ಬೆಳಗ್ಗೆಯಿಂದ ಕುತ್ತಿಗೆಗೆ ಚುಚ್ಚುತ್ತಿದೆ. ಕತ್ತರಿ ಕೈಗೆಟುಕುವಲ್ಲೇ ಇದೆ. ತೆಗೆದುಕೊಂಡಿಲ್ಲ.